ಸೀರಂ ತರಲು ಹೋದವನು

ಬೆಳಿಗ್ಗೆ ಹತ್ತು ಗಂಟೆಗೆ ಶವ ಮನೆಗೆ ಬಂತು. ಪೆಟ್ಟಿಗೆಯನ್ನು ನೆಲಕ್ಕಿಡುವ ಮೊದಲೇ ಸತ್ತವನ ತಮ್ಮ ಪ್ರಯೋಗಾಲಯದ ಮುಖ್ಯಸ್ಥನ ಮುಖಕ್ಕೆ ಗುದ್ದಿದ.

ಮುಖ್ಯಸ್ಥ ಬಾಗಿಲ ಚೌಕಟ್ಟಿಗೆ ಬಡಿದು ಕುಸಿದ. ಕನ್ನಡಕ ಎರಡು ತುಂಡಾಯಿತು. ಮೂಗಿನ ರಕ್ತ ಅಂಗಿಯ ಗುಂಡಿಗಳ ಸಾಲಿನಗುಂಟ ಇಳಿಯಿತು. ಈ ತಮ್ಮನು ಕಸಾಯಿಖಾನೆಯಲ್ಲಿ ಕೋಣ ಕೆಡಹುವ ಕೆಲಸದವನು. ಇನ್ನೊಂದು ಏಟು ಬೀಳದಂತೆ ಅವನನ್ನು ಹಿಡಿಯಲು ನೆರೆಮನೆಯ ಗಂಡಸರೆಲ್ಲ ಬೇಕಾಯಿತು.

"ಬಿಡ್ರೋ ನನ್ನ! ನಮ್ಮಣ್ಣನ್ನ ಕೊಂದಿದ್ದು ಇವನೇ. ಟೈಮಿಗೆ ಸೀರಂ ತರಿಸಿ ಕೊಟ್ಟಿದ್ರೆ ಅವನು ನಮ್ಮ ಶೆಡ್ಡಿಗೆ ಯಾಕೆ ಬರ್ತಿದ್ದ?"

"ತಿಂಗಳಾಗುತ್ತೆ ಅಂದ್ರು ಕಂಪನಿಯವರು," ಮುಖ್ಯಸ್ಥ ಮೂಗು ಒತ್ತಿಕೊಂಡೇ ಹೇಳಿದ. "ಕಾಯೋಣ ಅಂದೆ. ನಿಮ್ಮಣ್ಣ ಕೇಳಲಿಲ್ಲ."

"ಹಾಕು, ಸತ್ತವನ ತಲೆ ಮೇಲೆ ಹಾಕು! ಅವನೇನು ಎದ್ದು ಬಂದು ಇಲ್ಲ ಅಂತಾನಾ?"

ಪೆಟ್ಟಿಗೆ ಹೊತ್ತವರು ಹೊತ್ತಂತೆಯೇ ನಿಂತಿದ್ದರು. "ಮೊದಲು ಅವರನ್ನ ಇಳಿಸ್ರಪ್ಪ," ಎಂದಳು ಸತ್ತವನ ಹೆಂಡತಿ. ಇಳಿಸಿದರು. ಎದೆಗೂಡು ಒಡೆದಿದ್ದರಿಂದ ಆಸ್ಪತ್ರೆಯವರು ಕುತ್ತಿಗೆಯವರೆಗೂ ಬಟ್ಟೆ ಬಿಗಿದಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ.

*

ಪ್ರಯೋಗಾಲಯದಲ್ಲಿ ಸತ್ತವನ ಕೆಲಸ ಸ್ನಾಯುಕೋಶ ಸಾಕುವುದು. ಕರುವಿನ ತೊಡೆಯಿಂದ ತೆಗೆದ ಚೂರೊಂದರ ಎಳೆಕೋಶಗಳನ್ನು ಗಾಜಿನ ಬಾಟಲಿಗಳಲ್ಲಿ ಮೈಬಿಸಿಯಷ್ಟು ಬೆಚ್ಚಗಿಟ್ಟು ವರ್ಷಗಟ್ಟಲೆ ಉಳಿಸಿಕೊಂಡು ಬಂದಿದ್ದ. ಅವುಗಳ ಆಹಾರಕ್ಕೆ ಎಳೆಗರುವಿನ ರಕ್ತದ ತಿಳಿ, ಅಂದರೆ ಸೀರಂ, ಬೆರೆಸಬೇಕು. ಅದರಲ್ಲಿರುವ ಬೆಳವಣಿಗೆಯ ಅಂಶಗಳು ಕೋಶದ ಹೊರಮೈಗೆ ಅಂಟಿ, ಒಡೆದು ಎರಡಾಗು ಎಂಬ ಆಜ್ಞೆಯನ್ನು ಒಳಗೆ ಮುಟ್ಟಿಸುತ್ತವೆ. ಆಜ್ಞೆ ಬರುತ್ತಿರುವಷ್ಟು ಕಾಲ ಕೋಶ ಒಡೆಯುತ್ತದೆ, ಸ್ನಾಯುವಾಗುವುದಿಲ್ಲ. ಆಜ್ಞೆ ನಿಂತರೆ ಅಕ್ಕಪಕ್ಕದವು ಒಂದಕ್ಕೊಂದು ಕೂಡಿ ಉದ್ದನೆಯ ಎಳೆಯಾಗುತ್ತವೆ, ಮಿಡಿಯುತ್ತವೆ. ಆ ಎಳೆ ಮತ್ತೆಂದೂ ಒಡೆಯುವುದಿಲ್ಲ.

ಹಾಗೆ ಕೂಡಿಸಬೇಕಾದಾಗ ಬಳಸಲೆಂದು, ಈ ಅಂಶಗಳು ಕಡಿಮೆಯಿರುವ ಕುದುರೆಯ ಸೀರಂ ಅದೇ ಫ್ರಿಜ್ಜಿನಲ್ಲಿತ್ತು. ಅವನು ಜ್ವರ ಬಂದು ಮಲಗಿದ ವಾರ ಕರುವಿನದು ಮುಗಿದುಹೋಯಿತು. ಜೊತೆ ಕೆಲಸದವಳು, ಕೋಶಗಳು ಉಪವಾಸ ಬೀಳುವುದಕ್ಕಿಂತ ವಾಸಿಯೆಂದು, ಎಲ್ಲ ಬಾಟಲಿಗಳಿಗೂ ಕುದುರೆಯದನ್ನು ಹಾಕಿದಳು.

ಅವನು ಮರಳಿದ ದಿನ ಅವಳು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಕರೆದಳು. "ಬನ್ನಿ ಇಲ್ಲಿ, ನೋಡಿ, ಮಿಡೀತಿದೆ! ಎಷ್ಟು ಚೆಂದ!"

ಅವನು ನೋಡಿದ. ಬಾಟಲಿ ಕಿತ್ತು ಗೋಡೆಗೆ ಅಪ್ಪಳಿಸಿದ. ಸಿಡಿದ ಚೂರು ಅವಳ ಕೆನ್ನೆ ಸೀಳಿತು.

"ವಂಶ ನಿರ್ವಂಶ ಮಾಡಿ ಚೆಂದ ನೋಡ್ತಿದೀಯಾ, ತಾಯಿ?"

ಆಮೇಲೆ ಕೆನ್ನೆಗೆ ಹತ್ತಿ ಒತ್ತಿದವನೂ ಅವನೇ. ಹೆಪ್ಪುಗಟ್ಟಿಸಿ ಇಟ್ಟಿದ್ದ ದಾಸ್ತಾನು ಕಳೆದ ಬೇಸಿಗೆಯಲ್ಲೇ ಕರೆಂಟು ಹೋಗಿ ಹಾಳಾಗಿತ್ತು. ಒಂದೇ ಒಂದು ಬಾಟಲಿಯ ಅಂಚಿನಲ್ಲಿ ಕೆಲವು ಕೋಶಗಳು ಇನ್ನೂ ಕೂಡದೆ ಬಿಡಿಬಿಡಿಯಾಗಿದ್ದವು.

"ಇವು ಒಂದೆರಡು ದಿನ ತಡೆದಾವು," ಎಂದ. "ಬೆಳಿಗ್ಗೆ ತಮ್ಮನ ಹತ್ರ ಹೋಗ್ತೀನಿ. ಹಸಿ ರಕ್ತ ತಂದು ನಾವೇ ಸೀರಂ ತೆಗೆಯೋಣ."

*

"ಸಾಹೇಬ್ರನ್ನ ಬಿಟ್ಬಿಡಿ," ಎಂದಳು ಜೊತೆ ಕೆಲಸದವಳು. ಕೆನ್ನೆಯ ಹೊಲಿಗೆ ಇನ್ನೂ ಹಸಿಯಾಗಿತ್ತು. "ಕುದುರೆ ಸೀರಂ ಹಾಕಿದ್ದು ನಾನು. ನಾನು ಹಾಕದೇ ಇದ್ದಿದ್ರೆ ಅವರು ನಿಮ್ಮಲ್ಲಿಗೆ ಬರ್ತಿರಲಿಲ್ಲ."

ತಮ್ಮನು ತನ್ನನ್ನು ಹಿಡಿದವರನ್ನು ಕೊಡವಿಕೊಂಡು ಬಂದು ಅವಳ ಕತ್ತಿಗೆ ಕೈ ಹಾಕಿ ಗೋಡೆಗೆ ಒತ್ತಿದ. ಅವಳ ಹಿಮ್ಮಡಿ ನೆಲ ಬಿಟ್ಟಿತು. ಹೊಲಿಗೆ ಬಿರಿದು ಅವನ ಮಣಿಕಟ್ಟಿನ ಮೇಲೆ ರಕ್ತ ತೊಟ್ಟಿಕ್ಕಿತು. ಹೆಂಡತಿ ಕೈಗೆ ಸಿಕ್ಕ ಕುರ್ಚಿಯನ್ನೆತ್ತಿ ಅವನ ಬೆನ್ನಿಗೆ ಬೀಸಿದಳು. ಕುರ್ಚಿಯ ಕಾಲು ಮುರಿಯಿತು. ಅವನು ಕೈ ಬಿಟ್ಟ.

"ಅತ್ತಿಗೆ!"

"ಅವಳು ತಪ್ಪು ಸೀರಂ ಹಾಕಿದ್ಲು, ಸರಿ. ಒಂದೇ ಏಟಿಗೆ ಬೀಳಬೇಕಾದ ಕೋಣ ಎದ್ದು ನಿಂತಿದ್ದು ಹೇಗೆ? ಅದನ್ನ ಹೇಳು. ನಿನ್ನೆಯಿಂದ ಆ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ತಿದೀಯ."

ತಮ್ಮ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ.

"ನಗ್ತಾ ಇದ್ದೆ, ಅತ್ತಿಗೆ," ಎಂದ.

*

ಹಿಂದಿನ ದಿನ ಶೆಡ್ಡಿನಲ್ಲಿ ಅಣ್ಣ, ಕೊಯ್ದ ಕರುವಿನ ಕೊರಳಿನ ಕೆಳಗೆ ಬಾಟಲಿ ಹಿಡಿದು ಕೂತಿದ್ದ. ಪಕ್ಕದ ಕಟಕಟೆಯಲ್ಲಿ ಕೋಣ. ತಮ್ಮನು, ತಲೆಬುರುಡೆಗೆ ಕಬ್ಬಿಣದ ಕೀಲು ಹೊಡೆದು ಪ್ರಾಣಿ ಕೆಡಹುವ ಗನ್ನನ್ನು ಅದರ ಹಣೆಗಿಟ್ಟು ಅಣ್ಣನ ಕಡೆ ತಿರುಗಿದ.

"ನಾನು ಒಂದೇ ಏಟಿಗೆ ಇಷ್ಟು ದೊಡ್ಡ ಮಾಂಸ ಕೆಡವ್ತೀನಿ. ನೀನು ವರ್ಷವಿಡೀ ತಿಣುಕಿ ಒಂದು ಚಮಚ ಬೆಳೀತೀಯ. ದಯವಿಟ್ಟು ನಮ್ಮನ್ನ ಊಟಕ್ಕೆ ಮಾತ್ರ ಕರೀಬೇಡಪ್ಪ!"

"ನಿನ್ನ ಮಾಂಸ ನಾಳೆಗೆ ನಾರುತ್ತೆ ಕಣೋ. ನಂದು ನಾಳೆಗೆ ಎರಡರಷ್ಟಾಗುತ್ತೆ."

ತಮ್ಮ ನಕ್ಕ. ನಗುತ್ತಲೇ ಗನ್ನು ಒತ್ತಿದ. ಕೀಲು ಓರೆಯಾಗಿ ಕಣ್ಣಿನ ಮೇಲೆ ಹೊಕ್ಕಿತು. ಕೋಣ ಮಂಡಿಯೂರಿತು, ಎದ್ದಿತು, ಕಟಕಟೆ ಮುರಿದು ನುಗ್ಗಿತು. ಅಣ್ಣ ಬಾಟಲಿಯನ್ನು ಎದೆಗವಚಿಕೊಂಡು ಎದ್ದ. ಹಿಂದೆ ಗೋಡೆಯಿತ್ತು. ಕೋಣ ತಲೆ ತಗ್ಗಿಸಿ ಗುದ್ದಿತು, ಹಿಂದೆ ಸರಿದು ಮತ್ತೆ ಗುದ್ದಿತು. ಎಲುಬು ಮುರಿದ ಸದ್ದು ಶೆಡ್ಡಿನಲ್ಲಿದ್ದವರಿಗೆಲ್ಲ ಕೇಳಿಸಿತು. ತಮ್ಮ ಗನ್ನು ತುಂಬುತ್ತಿದ್ದ. ತೋಟಾ ಎರಡು ಸಲ ಕೈ ಜಾರಿ ಕೆಳಗೆ ಬಿತ್ತು.

*

ಸ್ಮಶಾನಕ್ಕೆ ಒಯ್ಯುವ ಗಾಡಿಯವನು ಹೊರಗೆ ಹಾರ್ನ್ ಮಾಡಿದ. ಹೆಂಡತಿ ಮುಖ್ಯಸ್ಥನಿಗೂ ಜೊತೆ ಕೆಲಸದವಳಿಗೂ ಒದ್ದೆ ಬಟ್ಟೆ ಕೊಟ್ಟಳು. ಆಮೇಲೆ ಮೈದುನನ ಮುಂದೆ ಬಂದು ನಿಂತಳು.

"ಏಳು. ತಲೆ ಕಡೆ ನೀನು ಹಿಡಿ."

"ಈ ಕೈಯಲ್ಲಿ ಬೇಡ, ಅತ್ತಿಗೆ."

"ನಿನಗೆ ಬೇರೆ ಕೈ ಇದೆಯಾ?"

ಅವನು ಎದ್ದ. ತಲೆಯ ಕಡೆಗೆ ಕೈ ಹಾಕಿದ. ಪೆಟ್ಟಿಗೆ ಓರೆಯಾಗದಂತೆ ಮೆಟ್ಟಿಲು ಇಳಿಸಿದ.

ಮುಂದಿನ ಸೋಮವಾರ ಅವನು ಕೆಲಸಕ್ಕೆ ಹೋದ. ಗನ್ನನ್ನು ಇನ್ನೊಬ್ಬನ ಕೈಗೆ ಕೊಟ್ಟು, ನೆಲ ತೊಳೆಯುವ ಪೈಪು ಹಿಡಿದ.