ಹೆಬ್ಬೆರಳಿನ ಕುಳಿ

ನಾನು ಪಟ್ಟಾಭಿರಾಮನ ಪಟದ ಒಂದು ಪ್ರತಿ. ನನ್ನನ್ನು ಯಾರೂ ಕುಂಚ ಹಿಡಿದು ಬರೆಯಲಿಲ್ಲ. ಮೈಸೂರಿನ ಒಂದು ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದಿದ್ದ ಹಳೆಯ ಚಿತ್ರದ ಉಬ್ಬುತಗ್ಗುಗಳನ್ನೆಲ್ಲ ಕ್ಯಾಮರಾ ಅಳೆಯಿತು. ಆ ಅಳತೆಯಂತೆ ಯಂತ್ರವೊಂದು ಬಿಳಿಯ ಪುಡಿಯನ್ನು ಪದರಪದರವಾಗಿ ಅಂಟಿಸಿ ನನಗೆ ಮೈ ಕೊಟ್ಟಿತು. ಮೂಲಚಿತ್ರಕ್ಕೆ ಚಿನ್ನದ ರೇಕು, ಅದನ್ನು ಮುಟ್ಟಕೂಡದು. ನನಗೆ ಬಣ್ಣವಿಲ್ಲ, ಆದರೆ ಕಣ್ಣಿಲ್ಲದವರು ಮುಟ್ಟಿ ನೋಡಲೆಂದೇ ನಾನು ಹುಟ್ಟಿದ್ದು.

ನನ್ನ ರಾಮನ ಬಲಪಾದದಲ್ಲಿ ಒಂದು ಕುಳಿಯಿತ್ತು. ಅಧಿಕಾರಿ ವಜ್ರಕುಮಾರರು ಅದನ್ನು ನೋಡಿ, "ಅಚ್ಚು ಕೆಟ್ಟಿದೆ. ಪುಟ್ಟಿ ಹಚ್ಚಿ ಉಜ್ಜಿಬಿಡೋಣ" ಎಂದು ಚಾಕು ಹಿಡಿದರು. ಅದು ಮೂಲಚಿತ್ರದಲ್ಲೇ ಇದ್ದ ಕುಳಿ. ಬಾಯಿಯಿಲ್ಲದವನು ಹೇಗೆ ಹೇಳಲಿ?

ಅಷ್ಟರಲ್ಲಿ, ಆ ಚಿತ್ರವನ್ನು ದಾನ ಕೊಟ್ಟಿದ್ದ ಅಲಮೇಲಮ್ಮನವರು ಬಂದರು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ.

"ಮುಟ್ಟಬಹುದೇನಪ್ಪ?"

"ಮುಟ್ಟೋಕೇ ಮಾಡಿರೋದು, ಬನ್ನಿ."

ಅವರು ಕಣ್ಣು ಮುಚ್ಚಿದರು. ಬೆರಳು ಕಿರೀಟದಿಂದ ಹಾರಕ್ಕೆ, ಹಾರದಿಂದ ಮಂಡಿಗೆ, ಮಂಡಿಯಿಂದ ಪಾದಕ್ಕೆ ಇಳಿಯಿತು. ಕುಳಿಯಲ್ಲಿ ಹೆಬ್ಬೆರಳು ಕೂತು ಅಲ್ಲೇ ನಿಂತಿತು.

"ಇದು ನಮ್ಮನೆಯವರದು. ಕಣ್ಣು ಹೋದ್ಮೇಲೆ ಹದಿನೇಳು ವರ್ಷ ದಿನಾ ಇಲ್ಲೇ ಬೆರಳಿಟ್ಟು ನಿಂತ್ಕೋತಿದ್ರು. 'ರಾಮನ್ನ ಸವೆಸಿಬಿಡ್ತೀರಿ' ಅಂತ ಬೈತಿದ್ದೆ. 'ಅವನೇನು ನಿನ್ನ ಹಾಗೆ ಗೊಣಗ್ತಾನ?' ಅಂತಿದ್ರು. ಮುಚ್ಚಬೇಡಪ್ಪ."

ವಜ್ರಕುಮಾರರು ಚಾಕು ಕೆಳಗಿಟ್ಟರು. ಆ ಕುಳಿಯ ಕಥೆಯನ್ನು ಬರೆಸಿ ಪಕ್ಕದಲ್ಲಿ ಹಾಕಿಸಿದರು. ಅಲ್ಲಿಂದ ಶುರುವಾಯಿತು. ಕಣ್ಣಿದ್ದವರು, ಇಲ್ಲದವರು, ಎಲ್ಲರ ಹೆಬ್ಬೆರಳೂ ಅಲ್ಲೇ. ಬೆವರು, ಎಣ್ಣೆ, ಕುಂಕುಮ. ನನ್ನದು ಪುಡಿಯ ಮೈ. ಒಬ್ಬೊಬ್ಬರ ಭಕ್ತಿಯೂ ಒಂದೊಂದು ಕಣ ಒಯ್ಯುತ್ತಿತ್ತು. ತಿಂಗಳಿಗೊಮ್ಮೆ ಬರುವ ಅಲಮೇಲಮ್ಮನವರಿಗೆ ಏನುಳಿಸಲಿ ಎಂದು ಹಗಲೆಲ್ಲ ಒದ್ದಾಡುತ್ತಿದ್ದೆ.

ಎರಡನೆಯ ರಾಮನವಮಿಗೆ ಬಂದಾಗ ಅವರ ಬೆರಳು ಕುಳಿಯೊಳಗೆ ಸುತ್ತಿತು. ಅಂಚು ಸಿಗಲಿಲ್ಲ.

"ಸಡಿಲ ಆಗೋಯ್ತಲ್ಲೋ" ಎಂದರು.

"ಅಳತೆ ಇದೆಯಮ್ಮ. ಇನ್ನೊಂದು ತೆಗೆಸ್ತೀನಿ. ಮೊದಲಿನ ಹಾಗೇ ಬರತ್ತೆ" ಎಂದರು ವಜ್ರಕುಮಾರರು.

ಹೊಸ ಪ್ರತಿ ಬಂತು, ನನ್ನನ್ನು ಉಗ್ರಾಣಕ್ಕೆ ಸರಿಸಿದರು. ಅವರು ಹೊಸದರ ಕುಳಿಯಲ್ಲಿ ಬೆರಳಿಟ್ಟು ನೋಡಿದರು. ಸರಿಯಾಗಿ ಕೂತಿತು. ಆದರೂ ಉಗ್ರಾಣದವರೆಗೆ ನಡೆದು ಬಂದು, ನನ್ನ ಸವೆದ ಪಾದದ ಮೇಲೆ ಅಂಗೈಯನ್ನೇ ಇಟ್ಟರು.

"ನಮ್ಮನೆಯವರು ಒಬ್ಬರೇ ನಿಂತಿರ್ತಿದ್ರು. ಎಷ್ಟು ಜನ ಜೊತೆಗೆ ಬಂದು ನಿಂತ್ರು ನೋಡು" ಎಂದರು.

ಈಗ ನನ್ನ ಮೇಲೆ ಬಟ್ಟೆ ಹೊದಿಸಿದ್ದಾರೆ. ಇನ್ನು ಸವೆಯುವ ಭಯವಿಲ್ಲ. ಆದರೂ ಬಾಗಿಲ ಸದ್ದಾದಾಗಲೆಲ್ಲ ಪಾದ ಚಡಪಡಿಸುತ್ತದೆ. ಮುಟ್ಟಿಸಿಕೊಳ್ಳಲೆಂದು ಹುಟ್ಟಿದ ಮೈಗೆ ಯಾರೂ ಮುಟ್ಟದ ನೆಮ್ಮದಿ ಒಗ್ಗುವುದಿಲ್ಲ.