ಖಾರದ ಕೈ

ತುತ್ತು ತುಟಿಗೆ ತಾಗಿದ್ದೇ ತಡ, ನಾಲ್ಕು ವರ್ಷದ ಮೈಲವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ರಾಜಗಿರಿ ಸೊಪ್ಪಿನ ಪಲ್ಯಕ್ಕೆ ಶಾರದವ್ವ ಒಂದು ಮೆಣಸಿನಕಾಯನ್ನೂ ಹಾಕಿರಲಿಲ್ಲ.

"ಉರಿತೈತಿ ಯವ್ವಾ."

ಉರಿ ಪಲ್ಯದ್ದಲ್ಲ. ಈ ಸಲ ಶಾರದವ್ವ ಕೂಲಿಗೆ ಹೋಗುವ ಬ್ಯಾಡಗಿಯ ಮೆಣಸಿನಕಾಯಿ ವಖಾರಿಗೆ ಗುಂಟೂರು ಕಾಯಿ ಬಂದಿತ್ತು. ಊರಿನ ಕಾಯಿಯ ಹಾಗೆ ಬರೀ ಬಣ್ಣದ್ದಲ್ಲ ಅದು. ಬೆಳಗಿನಿಂದ ಸಂಜೆಯವರೆಗೆ ತೊಟ್ಟು ಮುರಿದು ಮುರಿದು ಶಾರದವ್ವನ ಬೆರಳುಗಳೊಳಗೇ ಖಾರ ಇಳಿದಿತ್ತು. ಮಜ್ಜಿಗೆಯಲ್ಲಿ ಅದ್ದಿದಳು, ಎಣ್ಣೆ ಹಚ್ಚಿ ಬೂದಿಯಲ್ಲಿ ತಿಕ್ಕಿದಳು; ಹೋಗಲಿಲ್ಲ. ಚಮಚ ಹಿಡಿದರೂ ಅಷ್ಟೇ, ಸೊಪ್ಪು ಸೋಸಿದ್ದು, ರೊಟ್ಟಿ ಬಡಿದದ್ದು ಅದೇ ಕೈ.

ಹದಿನೈದು ದಿನದ ಹಿಂದೆ ದವಾಖಾನೆಯ ನರ್ಸಬಾಯಿ ಮಗುವಿನ ಕಣ್ಣುರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ ಎಂದಿದ್ದಳು. ಚಹಾ-ಬನ್ನು ಬಿಡಿಸಿ ಸೊಪ್ಪು, ಕಾಳು, ರೊಟ್ಟಿ ತಿನ್ನಿಸು, ತಾಯಿ ಮನಸ್ಸು ಮಾಡಿದರೆ ಅದೇನು ದೊಡ್ಡದು ಎಂದೂ ಹೇಳಿದ್ದಳು. ಶಾರದವ್ವ ಮನಸ್ಸು ಮಾಡಿದ್ದಳು. ಒಂದು ವಾರ ಮನೆಯಲ್ಲಿ ಕುಳಿತರೆ ಕೈ ತಣ್ಣಗಾಗುತ್ತಿತ್ತು, ಅದರ ಜೊತೆಗೆ ಒಲೆಯೂ.

ನಾಲ್ಕು ರೊಟ್ಟಿ ಬಡಿದುಕೊಡು ಎಂದು ಅದೇ ವಖಾರಿಯಲ್ಲಿ ತೊಟ್ಟು ಮುರಿಯುವ ಪಕ್ಕದ ಮನೆಯ ಶರೀಫಾಬಿಯನ್ನು ಕೇಳಿದಾಗ ಅವಳು ತನ್ನ ಕೆಂಪು ಬೆರಳು ಚಾಚಿ ನಕ್ಕಿದ್ದಳು.

"ನಂದೇನ ಬ್ಯಾರೆ ಕೈ ಏನ ಯಕ್ಕಾ? ತಣ್ಣನ ಕೈ ಬೇಕಂದ್ರ ಸಾವ್ಕಾರನ ಹೆಂಡ್ತೀನ ಕರಕೊಂಡ ಬಾ."

ಮಗು ಬೆಳಗಿನಿಂದ ಏನೂ ತಿಂದಿರಲಿಲ್ಲ. ಶಾರದವ್ವ ಪಲ್ಯದ ತಾಟನ್ನು ಸರಿಸಿ, ಬೇಕರಿಯಿಂದ ತಂದ ಬನ್ನನ್ನು ಮುಟ್ಟದೆ, ಸುತ್ತಿದ ಕಾಗದದ ತುದಿ ಹಿಡಿದು ಅವಳ ಮುಂದೆ ಇಟ್ಟಳು. ಮೈಲವ್ವ ಎರಡೂ ಕೈಯಿಂದ ಎತ್ತಿಕೊಂಡು ಗಬಗಬ ತಿನ್ನತೊಡಗಿದಳು.

ಓಣಿಯ ಮನೆಗಳನ್ನು ನೋಡುತ್ತ ಬಂದಿದ್ದ ನರ್ಸಬಾಯಿ ಅಷ್ಟರಲ್ಲೇ ಬಾಗಿಲಲ್ಲಿ ನಿಂತಳು.

"ಮತ್ತ ಅದ ಬನ್ನ ಏನವಾ? ಹಡದಾಕಿಗೇ ಕಾಳಜಿ ಇಲ್ಲಂದ್ರ ನಾವರ ಏನ ಮಾಡೂಣು?"

"ಕೈ ಉರಿತೈತ್ರಿ ಬಾಯಾರ," ಎಂದಳು ಶಾರದವ್ವ. ಬೆರಳುಗಳನ್ನು ಅವಳ ಮುಂದೆ ಚಾಚಿದಳು.

"ಕೈಗೆ ಮುಲಾಮು ಕೊಡ್ತಾರ, ನಾಳಿ ದವಾಖಾನಿಗೆ ಬಾ. ಮೊದಲ ಕೂಸಿನ್ನ ನೋಡು," ಎಂದು ಚೀಟಿಯಲ್ಲಿ ಏನೋ ಗೀಚಿ ನರ್ಸಬಾಯಿ ಮುಂದಿನ ಮನೆಗೆ ನಡೆದಳು.

ತಾಟಿನಲ್ಲಿ ಪಲ್ಯ ಆರಿತ್ತು. ಮೈಲವ್ವ ಬನ್ನಿನ ಕೊನೆಯ ಚೂರನ್ನು ಅವ್ವನ ಬಾಯಿಗೆ ಹಿಡಿದಳು. ಶಾರದವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ಬಾಯಿ ತೆರೆದಳು.