ಮುಚ್ಚಳದ ಒಳಮೈ

ಬಡಗಿ ಪದ್ಯ ಬರೆಯುತ್ತಿದ್ದದ್ದು ಹಲಗೆಯ ಮೇಲೆ. ಕಾಗದ ಮುಂದಿಟ್ಟರೆ ಅವನಿಗೆ ಒಂದಕ್ಷರ ಹೊಳೆಯುತ್ತಿರಲಿಲ್ಲ. ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಗೀಚುವುದು, ಬಾಯಿಪಾಠ ಆದ ಮೇಲೆ ಕೀಸುಳಿಯಿಂದ ಹೆರೆದು ಹಾಕುವುದು. ಪ್ರತಿ ವರ್ಷ, ಪ್ರಭು ಸಾವಿನಿಂದ ಎದ್ದ ಈಸ್ಟರ್ ಬೆಳಗ್ಗೆ, ಚರ್ಚಿನಲ್ಲಿ ಎದ್ದು ನಿಂತು ಅದನ್ನು ಹೇಳುತ್ತಿದ್ದ. ಹೆಂಡತಿ ಮುಂದಿನ ಬೆಂಚಿನಲ್ಲಿ ಕೂತು, ಅವನು ತಡವರಿಸಿದರೆ ತುಟಿ ಅಲ್ಲಾಡಿಸಿ ಸಾಲು ಎತ್ತಿಕೊಡುತ್ತಿದ್ದಳು. ಮನೆಯಲ್ಲಿ ಮಾತ್ರ ಹಂಗಿಸುವುದೇ.

"ನಿಮ್ಮ ಪದ್ಯದಲ್ಲಿ ಸತ್ತವರೆಲ್ಲ ಎದ್ದು ಬರ್ತಾರೆ, ಊಟಕ್ಕೆ ಕರೆದ್ರೆ ನೀವು ಮಾತ್ರ ಏಳಲ್ಲ."

ಈ ಸಲ ಈಸ್ಟರ್ ಇನ್ನೂ ದೂರವಿರುವಾಗಲೇ ಪದ್ಯ ಬಂತು. ಉರುಳಿದ ಕಲ್ಲು, ಬರಿದಾದ ಸಮಾಧಿ, ಎಲ್ಲ ಹೊಸದಾಗುವ ಬೆಳಗು. ಅವಳಿಗೆ ಓದಿ ಹೇಳಿದ. ಚೆನ್ನಾಗಿದೆ ಅಂದಳು, ಅಪರೂಪಕ್ಕೆ. ಅವನಿಗೆ ಬಾಯಿಪಾಠ ಆಗುವ ಮೊದಲೇ ಅವಳು ಜ್ವರ ಬಂದು ಮಲಗಿದಳು. ಏಳಲಿಲ್ಲ.

ಅವಳ ಶವಪೆಟ್ಟಿಗೆ ಮಾಡಲು ಬಡಗಿಗೆ ಕೈ ಬರಲಿಲ್ಲ. ತಮ್ಮ ಮಾಡಿದ. ಅತ್ತಿಗೆಗೆ ಒಳ್ಳೆಯ ಮರವೇ ಇರಲಿ ಅಂತ ಗೋಡೆಗೆ ಒರಗಿಸಿದ್ದ ಹಲಗೆ ತೆಗೆದು ಮುಚ್ಚಳ ಕೊಯ್ದ. ಅತ್ತು ಅತ್ತು ಮಂಜಾದ ಕಣ್ಣಿಗೆ ಪೆನ್ಸಿಲ್ ಗೀಟೆಲ್ಲ ಅಳತೆಯ ಗುರುತಿನ ಹಾಗೆ ಕಂಡಿತು. ಆ ಮೈಯನ್ನು ಒಳಗೆ ಮಾಡಿ ಮೊಳೆ ಹೊಡೆದ.

ಹೂತು ಬಂದ ಮೇಲೆ ಬಡಗಿ ಹಲಗೆ ಹುಡುಕಿದ. ತಮ್ಮನ ಮುಖ ಕಪ್ಪಿಟ್ಟಿತು. ಅವನ ಕೆನ್ನೆಗೆ ಬಾರಿಸಲು ಎತ್ತಿದ ಕೈ ಹಾಗೇ ಇಳಿಯಿತು.

ಪಾದ್ರಿಗಳು ಅಂಗಡಿಗೆ ಬಂದು, ಇನ್ನೊಂದು ಬರೆಯಪ್ಪ, ದುಃಖದಿಂದಲೇ ಹೊಸ ಜೀವ ಹುಟ್ಟುತ್ತದೆ ಅಂದರು. ಹಾಗಾದರೆ ಊರ ತುಂಬ ಹೊಸ ಜೀವ ಇರಬೇಕಿತ್ತಲ್ಲ ಅಂದ ಬಡಗಿ. ಆದರೂ ಹೊಸ ಹಲಗೆ ಎಳೆದುಕೊಂಡು ಕೂತ. ಒಂದು ಸಾಲು ಗೀಚಿದ, ಹೆರೆದ. ಮತ್ತೆ ಗೀಚಿದ, ಹೆರೆದ. ಎದ್ದು ಬರುತ್ತಾರೆ ಅನ್ನುವ ಮಾತು ಬಾಯಲ್ಲಿ ಮರದ ಪುಡಿಯ ಹಾಗೆ ಅಂಟಿತು. ಯಾರ್ಯಾರದೋ ಪೆಟ್ಟಿಗೆಗೆ ಮೊಳೆ ಹೊಡೆದು ಬಂದು ಇಷ್ಟು ವರ್ಷ ಇದನ್ನೇ ಬರೆದಿದ್ದನಲ್ಲ. ನಂಬಿ ಬರೆದನೋ, ಪ್ರಾಸಕ್ಕೆ ಸಿಕ್ಕಿತೆಂದು ಬರೆದನೋ, ಅವನಿಗೇ ತಿಳಿಯಲಿಲ್ಲ. ಹಲಗೆ ತೆಳ್ಳಗಾಗಿ ಕೆಲಸಕ್ಕೆ ಬಾರದೆ ಹೋಯಿತು.

ಈಸ್ಟರ್ ಬೆಳಗ್ಗೆ ಪಾದ್ರಿಗಳು ಅವನತ್ತ ನೋಡಿದರು. ಪದ್ಯವಿಲ್ಲದೆಯೇ ಎದ್ದು ನಿಂತ.

"ಪದ್ಯ ಅವಳ ಹತ್ರ ಇದೆ. ಎದ್ದು ಬಂದಾಗ ಅವಳೇ ಓದಲಿ."

ಹಿಂದಿನಿಂದ ಯಾರೋ ಮೆಲ್ಲಗೆ ಆಮೆನ್ ಅಂದರು. ಅವನು ಸಿಟ್ಟಿಗೆ ಆಡಿದ್ದನ್ನು ಜನ ನಂಬಿಕೆ ಅಂದುಕೊಂಡರು. ಪಕ್ಕದಲ್ಲಿ ತಮ್ಮ ತಲೆ ತಗ್ಗಿಸಿ ಅಳುತ್ತಿದ್ದ. ಬಡಗಿ ಕೂರುವುದನ್ನೂ ಮರೆತು, ಅವಳಿಲ್ಲದ ಬೆಂಚನ್ನು ನೋಡುತ್ತ, ಮುಂದಿನ ಸಾಲಿಗೆ ಕಾಯುತ್ತ ನಿಂತೇ ಇದ್ದ.